ತೊಳೆದ ಡಿಸ್ಕು

ಕುಂಭಾರಿಯ ಗುರುನಾಥನಿಗೆ ಮನೆಯಲ್ಲಿ ಎಂಟು ಎಕರೆ ಹೊಲವಿದೆ. ಆದರೂ ದಿನಾ ಸೋಲಾಪುರಕ್ಕೆ ಬಂದು ಊರವರ ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚುತ್ತ ಕೂರುತ್ತಾನೆ. ಕೈ ಚೊಕ್ಕ, ಮಾತು ಕಡಿಮೆ. ತನ್ನ ತಪ್ಪು ಒಪ್ಪಿಕೊಳ್ಳುವ ವಿಷಯ ಬಂದರಂತೂ ಇನ್ನೂ ಕಡಿಮೆ.

ದಸರೆಯ ಮರುದಿನ ಅಕ್ಕಲಕೋಟ ರಸ್ತೆಯ ಮಲಕಾಜಪ್ಪನವರ ಚಾದರ ಕಾರಖಾನೆಯಿಂದ ಫೋನು ಬಂತು. ಕಂಪ್ಯೂಟರು ಕಪ್ಪು ತೆರೆ ಬಿಟ್ಟು ಮುಂದೆ ಹೋಗುತ್ತಿರಲಿಲ್ಲ. ಅದರೊಳಗೆ ಮಲಕಾಜಪ್ಪನವರು ಇಪ್ಪತ್ತು ವರ್ಷ ಕೂತು ಬರೆದ ಚಾದರದ ನಕ್ಷೆಗಳಿದ್ದವು. ಈಗ ಅವರ ಕೈ ನಡುಗುತ್ತದೆ. ಮತ್ತೆ ಬರೆಯುವ ಮಾತೇ ಇಲ್ಲ.

"ಖಂಡೇನವಮಿಗೆ ಕತ್ರಿ, ಲಾಳಿ ಎಲ್ಲಾ ತೊಳದು ಪೂಜಿ ಮಾಡ್ತೀವಲ್ರಿ," ಗುರುನಾಥ ಕಾರಖಾನೆಗೆ ಬಂದ ಕೂಡಲೇ ಮಲಕಾಜಪ್ಪನವರ ಸೊಸೆ ರೂಪಾಲಿ ಅಳುದನಿಯಲ್ಲಿ ಹೇಳಿದಳು. "ಹಳೀ ಡಿಸ್ಕ್ ಇನ್ನ ಬ್ಯಾಡ ಅಂತ ನೀವ ಹೇಳಿದ್ರಿ. ಅದನ್ನೂ ಬಿಚ್ಚಿ, ತೊಳದು, ವಿಭೂತಿ ಹಚ್ಚಿ ಇಟ್ಟೆ."

"ತೊಳದಾಳ! ನನ್ನ ಇಪ್ಪತ್ತು ವರ್ಷ ನೀರಾಗ ಹಾಕ್ಯಾಳ!" ಮಲಕಾಜಪ್ಪನವರು ಗುಡುಗಿದರು.

ಗುರುನಾಥ ಯಂತ್ರದ ಡಬ್ಬಿ ಬಿಚ್ಚಿ ನೋಡಿದ. ನಕ್ಷೆಗಳೂ ವಿಂಡೋಸೂ ಇದ್ದದ್ದು ಮೂರು ವರ್ಷದ ಹಿಂದೆ ಅವನೇ ಹಾಕಿದ ಎಸ್‌ಎಸ್‌ಡಿ ಎಂಬ ಹೊಸ ಡಿಸ್ಕಿನಲ್ಲಿ. ಆದರೆ ಅಂದು ಅವಸರದಲ್ಲಿ ಹಳೆಯ ಡಿಸ್ಕಿನ ವೈರು ಕಿತ್ತಿರಲಿಲ್ಲ. ಯಂತ್ರವನ್ನು ಎಬ್ಬಿಸುವ ಬೂಟ್ ಪಾರ್ಟಿಷನ್ ಎಂಬ ಪುಟ್ಟ ಭಾಗವನ್ನು ವಿಂಡೋಸ್ ಆ ಹಳೆಯದರಲ್ಲೇ ಬರೆದುಕೊಂಡಿತ್ತು; ನೀರು ಹೊಕ್ಕು ಈಗ ಅದು ಸತ್ತಿತ್ತು. ತಪ್ಪು ರೂಪಾಲಿಯದಲ್ಲ, ತನ್ನದು. ಹೇಳಿದರೆ ಮುದುಕರು ಈಗಲೇ ಹೊರಗೆ ಹಾಕಿ ಬೇರೆಯವನನ್ನು ಕರೆಸುತ್ತಾರೆ. ಆ ಬೇರೆಯವನು ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದು ಮಲಕಾಜಪ್ಪನವರಿಗೆ ಫೋನಿನಲ್ಲಿ ಆಗಲೇ ಹೇಳಿದ್ದನಂತೆ. ನಕ್ಷೆ ತೆರೆಯುವ ಸಾಫ್ಟ್‌ವೇರಿನ ಕಂಪನಿ ಮುಚ್ಚಿಹೋಗಿ ವರ್ಷಗಳಾಗಿವೆ. ಅಳಿಸಿದರೆ ಅದು ಮತ್ತೆ ಸಿಗುವುದಿಲ್ಲ. ಗುರುನಾಥ ಬಾಯಿ ಮುಚ್ಚಿಕೊಂಡ.

ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ಹೊಸ ಬೂಟ್ ಭಾಗಕ್ಕಾಗಿ ಎಸ್‌ಎಸ್‌ಡಿಯ ಕೊನೆಯಲ್ಲಿ ಒಂದಿಷ್ಟು ಜಾಗ ಕತ್ತರಿಸಲು ಹಚ್ಚಿದ. ಕರ್ಸರ್ ಮಿಣುಕುತ್ತ ನಿಂತಿತು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಅನ್ನತೊಡಗಿತು. ಅದರ ಬ್ಯಾಟರಿ ಹತ್ತು ನಿಮಿಷಕ್ಕಿಂತ ಹೆಚ್ಚು ತಡೆಯದು. ನಡುವೆ ಆರಿದರೆ ನಕ್ಷೆಗಳು ಗೋವಿಂದ.

"ನಿನಗ ಯಾರು ಹೇಳಿದ್ರು ಮುಟ್ಟು ಅಂತ?" ಮಾವ ಸೊಸೆಯನ್ನು ಇನ್ನೂ ಬಿಟ್ಟಿರಲಿಲ್ಲ. ರೂಪಾಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುನಾಥ ತೆರೆಯಿಂದ ಕಣ್ಣು ತೆಗೆಯಲಿಲ್ಲ.

ಬ್ಯಾಟರಿ ತೀರುವ ಮುಂಚೆ ಕರೆಂಟು ಬಂತು, ಜಾಗವೂ ಸಿಕ್ಕಿತು. ಈಗ ಆ ತುಂಡನ್ನಷ್ಟೇ ಫಾರ್ಮ್ಯಾಟ್ ಮಾಡಬೇಕು. ಒಂದು ಅಂಕಿ ತಪ್ಪಿದರೆ ನಕ್ಷೆಗಳೇ ಅಳಿಯುತ್ತವೆ. ಮೂರು ಸಲ ಓದಿ ಎಂಟರ್ ಒತ್ತಿದ. ಬೂಟ್ ಕಡತಗಳನ್ನು ಅಲ್ಲಿ ಬರೆಸಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ.

ವಿಂಡೋಸ್ ಎದ್ದಿತು. ಮಲಕಾಜಪ್ಪನವರು ನವಿಲಿನ ನಕ್ಷೆ ತೆರೆಸಿ, ಒಂದೊಂದೇ ಗರಿ ನೋಡಿ, ಎಲ್ಲರೆದುರೇ ಅತ್ತುಬಿಟ್ಟರು.

"ತಪ್ಪು ನಂದರಿ," ಎಂದು ಗುರುನಾಥ ಆಗ ಎಲ್ಲ ಹೇಳಿದ.

"ಮದಲ ಹೇಳಿದ್ರ ನಿನಗ ಮುಟ್ಟಾಕ ಬಿಡ್ತಿದ್ದಿಲ್ಲ," ಎಂದರು ಮಲಕಾಜಪ್ಪನವರು.

"ಅದಕ್ಕ ಹೇಳಲಿಲ್ರಿ."

ಮುದುಕರು ನಕ್ಕೇಬಿಟ್ಟರು. ರೂಪಾಲಿ ನಗಲಿಲ್ಲ.

"ಎರಡ ತಾಸು ನಾ ಬೈಸ್ಕೊಂಡೆ," ಅಂದಳು. "ನೀವು ಕೇಳ್ಕೋತ ಕೂತಿದ್ರಿ."