ಚಂದವ್ವನ ಬೆರಳು, ಬಂಡೆಪ್ಪನ ಹೆಸರು

ಕಮತಗಿಯ ಹಾಲಿನ ಡೈರಿಯಲ್ಲಿ ಬಂಡೆಪ್ಪ ಇಪ್ಪತ್ತೆರಡು ವರ್ಷ ಹಾಲು ಅಳೆದವನು. ನೀರು ಬೆರೆಸಿ ತಂದವರು ಸ್ವಂತ ಬೀಗರೇ ಆಗಿದ್ದರೂ ಕ್ಯಾನು ವಾಪಸ್ ಕಳಿಸುತ್ತಿದ್ದ. "ಮಷೀನ್ ಹೇಳಿತು, ಮುಗೀತು" ಎನ್ನುವುದು ಅವನ ಮಾತು. ಊರಲ್ಲಿ ಅವನಿಗಿದ್ದ ಮರ್ಯಾದೆಯೂ ಅದರಿಂದಲೇ ಬಂದದ್ದು.

ಐವತ್ತಾರನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಬಾಗಲಕೋಟೆಯ ಖಾಸಗಿ ದವಾಖಾನೆಯೊಂದರಲ್ಲಿ ಡಾಕ್ಟರ್ ಖುಶನುಮಾ ಅವನ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿ, ಅಂಗೈಯಗಲದ ಮಷೀನೊಂದನ್ನು ಕೊಟ್ಟರು. ಮುಂಜಾನೆ ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿದರೆ ಸಂಖ್ಯೆ ತಾನಾಗಿ ಫೋನಿಗೆ ಹೋಗುತ್ತಿತ್ತು, ಅಲ್ಲಿಂದ ಡಾಕ್ಟರಿಗೆ. ಸರಿ ಇದ್ದರೆ ಹಸಿರು, ಸ್ವಲ್ಪ ಹೆಚ್ಚಿದ್ದರೆ ಹಳದಿ, ಬಹಳ ಹೆಚ್ಚಿದ್ದರೆ ಕೆಂಪು.

"ಸಣ್ಣಪುಟ್ಟದಕ್ಕೆಲ್ಲಾ ಬಸ್ ಹತ್ತಿ ಬರೂದು ಬ್ಯಾಡ್ರಿ ಬಂಡೆಪ್ಪನವ್ರ. ನಾ ಇಲ್ಲೇ ಕುಂತು ನೋಡ್ತೇನಿ" ಎಂದಿದ್ದರು ಖುಶನುಮಾ.

ಮೊದಲ ತಿಂಗಳು ಬರೀ ಕೆಂಪು. ಡೈರಿಯಲ್ಲಿ ದಿನಕ್ಕೆ ಆರು ಕಪ್ ಚಹಾ ಆಗುತ್ತಿತ್ತು. ಅಮೀನಗಡದ ಕಡೆ ಹೋದವರು ತಂದುಕೊಟ್ಟ ಬೆಲ್ಲದ ಕರದಂಟಿಗೆ ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ. ಕೆಂಪು ಬಂದಾಗಲೆಲ್ಲ ಡಾಕ್ಟರ್ ಫೋನ್ ಮಾಡಿ, "ನಿನ್ನೆ ಏನ್ ತಿಂದ್ರಿ?" ಎಂದು ಮೆತ್ತಗೆ ಕೇಳುತ್ತಿದ್ದರು. ಮಗಳ ವಯಸ್ಸಿನವಳ ಎದುರು ಜೀವಮಾನವೆಲ್ಲ ಅಳೆದವನು ತಡವರಿಸಬೇಕಾಗುತ್ತಿತ್ತು.

ಒಂದು ಮುಂಜಾನೆ ಅವನು ರೊಟ್ಟಿ ಬಡಿಯಲು ಕೂತಿದ್ದ ಹೆಂಡತಿಯ ಪಕ್ಕ ಹೋಗಿ ಕುಕ್ಕರಿಸಿದ.

"ಚಂದವ್ವ, ಬೆರಳು ಕೊಡು."

"ನಂದ್ಯಾಕ್ರಿ?"

"ಮಷೀನ್ ಸರಿ ಐತೋ ಇಲ್ಲೋ ನೋಡೂನು."

ತೊಂಬತ್ತಾರು ಬಂತು. ಹಸಿರು. ಸ್ವಲ್ಪ ಹೊತ್ತಿಗೆ ಡಾಕ್ಟರಿಂದ ಸಂದೇಶವೂ ಬಂತು: "ಭಾಳ ಛಲೋ ಆತ್ರಿ." ಮರುದಿನವೂ ಅವನು ಅವಳ ಮುಂದೆಯೇ ಕುಕ್ಕರಿಸಿದ. ಚಂದವ್ವ ಮತ್ತೆ ಯಾಕೆಂದು ಕೇಳಲಿಲ್ಲ. ಕೈ ಒರೆಸಿಕೊಂಡು ಬೆರಳು ಮುಂದೆ ಮಾಡಿದಳು.

ಹೀಗೆ ಐದು ತಿಂಗಳು ನಡೆಯಿತು. ಆ್ಯಪಿನಲ್ಲಿ ರೋಗಿಗಳದ್ದೇ ಒಂದು ಗುಂಪಿತ್ತು. ಬಂಡೆಪ್ಪನವರ ಹಾಗೆ ಪಥ್ಯ ಮಾಡಿರಿ ಎಂದು ಡಾಕ್ಟರ್ ಅಲ್ಲಿ ಬರೆದರು. ಬಂಡೆಪ್ಪ ಕೈಮುಗಿದ ಚಿತ್ರ ಹಾಕಿದ.

ನಾಲ್ಕನೆಯ ತಿಂಗಳಿನಿಂದ ಸಂಖ್ಯೆ ಏರತೊಡಗಿತ್ತು. ನೂರಾ ಇಪ್ಪತ್ತೆಂಟು. ನೂರಾ ಐವತ್ತು. ಹಳದಿ ಕಂಡರೆ ಬಂಡೆಪ್ಪನಿಗೆ ಸಿಟ್ಟು.

"ರಾತ್ರಿ ಏನ್ ತಿಂದಿದ್ದಿ ನೀ? ನನ್ನ ಹೆಸರು ಕೆಡಸ್ತಿ ನೋಡು."

ಚಂದವ್ವ ರಾತ್ರಿಯ ಊಟ ಬಿಟ್ಟಳು. ಮೈಯಲ್ಲಿ ಕಸುವಿಲ್ಲ, ನೀರಡಿಕೆ ಬಹಳ ಎಂದು ಒಮ್ಮೆ ಹೇಳಿದ್ದಳು. ಬಿಸಿಲಿಗೆ ಹಾಗಾಗುತ್ತದೆ ಎಂದು ಅವನು ಡೈರಿಗೆ ಹೋಗಿದ್ದ. ಐದನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ದಿನ ಇನ್ನೂರಾ ಹನ್ನೆರಡು ಬಂತು. ಕೆಂಪು. ಖುಶನುಮಾ ಫೋನ್ ಮಾಡಿ, "ನಾಳೆನೇ ಬರ್ರಿ. ಊಟದ ವಿಚಾರ ಮಾತಾಡೂದೈತಿ, ಮನಿಯವ್ರನ್ನೂ ಕರಕೊಂಡು ಬರ್ರಿ" ಎಂದರು.

ದವಾಖಾನೆಯಲ್ಲಿ ನರ್ಸ್ ಬಂಡೆಪ್ಪನ ಬೆರಳನ್ನೇ ಚುಚ್ಚಿದಳು. ಮುನ್ನೂರಾ ಹದಿನೆಂಟು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯೂ ಆಯಿತು. ಅದೂ ಕೆಟ್ಟದಾಗಿತ್ತು. ಡಾಕ್ಟರ್ ಕಾಗದವನ್ನೂ ಫೋನನ್ನೂ ಬಹಳ ಹೊತ್ತು ನೋಡಿದರು.

"ತಪ್ಪು ನಮ್ದ ಇರಬೇಕ್ರಿ. ನಿಮಗ ಕೊಟ್ಟ ಮಷೀನ್ ಕೆಟ್ಟೈತಿ. ಇಷ್ಟು ದಿನ ಸುಳ್ಳು ಸಂಖ್ಯೆ ನೋಡಿ ನಿಮಗ ಕಡಿಮಿ ಗುಳಿಗಿ ಕೊಟ್ಟೆ. ಮನಸ್ಸಿಗೆ ಹಚ್ಕೋಬ್ಯಾಡ್ರಿ."

ತಪ್ಪಿಸಿಕೊಳ್ಳಲು ಅಷ್ಟೇ ಸಾಕಿತ್ತು. ಬಂಡೆಪ್ಪ ತಲೆಯಾಡಿಸಿಯೂಬಿಟ್ಟ.

ಆಗ ಚಂದವ್ವ ಕೇಳಿದಳು. "ಡಾಕ್ಟ್ರ, ಆ ಸಂಖ್ಯೆ ಹಂಗ ಏರ್ತಾ ಹೋದ್ರ ಏನಾಗ್ತದ್ರಿ?"

"ನೀರಡಿಕಿ ಆಗ್ತದವ್ವ, ಸುಸ್ತು ಬರ್ತದ. ಕಾಲು ಜೋಮು ಹಿಡೀತದ. ಗಾಯ ಆದ್ರ ಲಗೂ ಮಾಯೂದಿಲ್ಲ."

ಚಂದವ್ವ ಎಡಗಾಲನ್ನು ಮೆಲ್ಲಗೆ ಸೀರೆಯ ಅಂಚಿನೊಳಗೆ ಎಳೆದುಕೊಂಡಳು. ಬಂಡೆಪ್ಪ ಅದನ್ನು ನೋಡಿದ. ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಅವನ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

"ಮಷೀನ್ ಕೆಟ್ಟಿಲ್ರಿ," ಎಂದ ಅವನು. ದನಿ ಅವನದೆಂದು ಅವನಿಗೇ ಅನಿಸಲಿಲ್ಲ. "ಆ ರಕ್ತ ನಂದಲ್ಲ. ಇಕಿದು."

ನರ್ಸ್ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ಖುಶನುಮಾ ಬೈಯಲಿಲ್ಲ. ಕುರ್ಚಿಯಿಂದೆದ್ದು ನೆಲದ ಮೇಲೆ ಕೂತು ಚಂದವ್ವನ ಕಾಲಿನ ಬಟ್ಟೆ ಬಿಚ್ಚಿದರು. ಹುಣ್ಣು ಒಳಗೆ ಇಳಿದಿತ್ತು.

"ಎರಡು ತಿಂಗಳಿಂದ ಇವರ ಜಡ್ಡು ದಿನಾ ಮುಂಜಾನಿ ನನ್ನ ಫೋನಿಗೆ ಬರ್ತಿತ್ತು," ಎಂದರು ತಲೆ ಎತ್ತದೆ. "ನಾ ಅದು ನಿಮ್ಮದಂತ ತಿಳ್ಕೊಂಡು ಕುಂತಿದ್ದೆ."

ಬಂಡೆಪ್ಪನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಡಾಕ್ಟರ್ ಬೈದಿದ್ದರೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು. ಆ ಸಂಖ್ಯೆ ಅವನ ಫೋನಿಗೂ ಬರುತ್ತಿತ್ತು. ಹೆಂಡತಿಯ ಮೈ ಕೆಡುತ್ತಿರುವುದನ್ನು ಕಂಡು ಅವನು ನೊಂದದ್ದು ತನ್ನ ಹಸಿರಿಗಾಗಿ.

ಚಂದವ್ವ ಒಂಬತ್ತು ದಿನ ಅಲ್ಲಿಯೇ ಇದ್ದಳು. ಕಾಲಿನ ಬೆರಳು ಉಳಿಯಿತು. ಪಾದದ ಅರಿವು ಮಾತ್ರ ಪೂರ್ತಿ ಬರಲಿಲ್ಲ. ಚಪ್ಪಲಿ ಕಳಚಿದರೂ ಗೊತ್ತಾಗದೆ ನಡೆಯುತ್ತಾಳೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: "ನೀವು ಮೋಸ ಮಾಡ್ತೀರಿ ಅಂತ ಗೊತ್ತಿತ್ರಿ. ನಿಮ್ಮ ಮರ್ಯಾದಿ ಉಳೀಲಿ ಅಂತ ಸುಮ್ಮನಿದ್ದೆ."

ಮರುವಾರ ಬಂಡೆಪ್ಪ ಗುಂಪಿನಲ್ಲಿ ತನ್ನ ದನಿಯಲ್ಲೇ ಎಲ್ಲ ಹೇಳಿ ಕಳಿಸಿದ. ಸಂಜೆ ಅದೇ ಗುಂಪಿನ ಹುನಗುಂದದ ರೋಗಿಯೊಬ್ಬರು ಫೋನ್ ಮಾಡಿ, ತಾನು ಹಳದಿ ಬರಬಹುದಾದ ದಿನ ಬೆರಳನ್ನೇ ಚುಚ್ಚುವುದಿಲ್ಲ ಎಂದು ಹೇಳಿಕೊಂಡರು. ನಾಳೆ ಚುಚ್ಚಿರಿ ಎಂದ ಬಂಡೆಪ್ಪ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಅವನಿಗಿರಲಿಲ್ಲ.

ಈಗ ಆ್ಯಪಿನಲ್ಲಿ ಎರಡು ಹೆಸರುಗಳಿವೆ. ಅವನದು ಹಳದಿಗೆ ಇಳಿದಿದೆ, ಅವಳದು ಕೆಲವು ದಿನ ಹಸಿರು. ಚಂದವ್ವ ತನ್ನ ಬೆರಳನ್ನು ತಾನೇ ಚುಚ್ಚಿಕೊಳ್ಳುತ್ತಾಳೆ. ಕಣ್ಣು ಮಸುಕಾದ್ದರಿಂದ ಎರಡು ಮೂರು ಸಲ ಬೇಕಾಗುತ್ತದೆ. ಬಂಡೆಪ್ಪ ಪಕ್ಕದಲ್ಲೇ ಕೂತಿರುತ್ತಾನೆ. ನಾ ಚುಚ್ಚಲೇನು ಎಂದು ಕೇಳಲು ಅವನಿಗೆ ಬಾಯಿ ಬಂದಿಲ್ಲ.