ನಿಗಾ ಇಡಲು ಬಂದದ್ದು

ನೀಲಗಿರಿಯ ಕಟ್ಟಬೆಟ್ಟಿನ ಹತ್ತಿರದ ಟೀ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನೊಬ್ಬಳೇ. ಬೆಳೆಗಾರರ ಟೀ ಸೊಪ್ಪು ತೂಗಿದೊಡನೆ ತೂಕದ ಚೀಟಿ ಬರುವುದು ನನ್ನ ಸರ್ವರ್‌ನಿಂದ. ಅದರ ಮೇಲೆ ನಿಗಾ ಇಡಲೆಂದು ಕೊಯಮತ್ತೂರಿನ ಕಂಪನಿಯೊಂದು ಸಾಫ್ಟ್‌ವೇರ್ ಹಾಕಿಹೋಯಿತು. ಅಂದಿನಿಂದ ಮೂರ್ನಾಲ್ಕು ದಿನಕ್ಕೊಮ್ಮೆ ಸರ್ವರ್ ನಿಂತುಹೋಗತೊಡಗಿತು.

"ನಿಮ್ಮ ಮೆಷಿನ್ ಹಳೇದು ಮೇಡಂ, ದಿನಾ ರೀಸ್ಟಾರ್ಟ್ ಮಾಡಿಬಿಡಿ," ಎಂದ ಕಂಪನಿಯ ಎಂಜಿನಿಯರ್ ಫೋನಿನಲ್ಲಿ. ಮ್ಯಾನೇಜರ್ ಅದಕ್ಕೇ ತಲೆಯಾಡಿಸಿದರು. ನಾನು ಒಪ್ಪಲಿಲ್ಲ. ಆರು ವರ್ಷ ಒಮ್ಮೆಯೂ ಮುನಿಯದ ಯಂತ್ರ ಅದು. ನಡೆಯುತ್ತಿರುವ ಕೆಲಸಗಳ ಪಟ್ಟಿಯನ್ನು ಪರದೆಯ ಮೇಲೆ ಸದಾ ತೆರೆದಿಟ್ಟುಕೊಂಡು ಕಾದೆ.

ಒಂದು ಮಧ್ಯಾಹ್ನ ಮತ್ತೆ ನಿಂತಿತು. ಹೊರಗೆ ಚೀಲಗಳ ಸಾಲು. ನಮ್ಮ ಹಟ್ಟಿಯ ಅಜ್ಜಿಯೊಬ್ಬರು ಚೀಲದೊಳಗೆ ಕೈ ತೂರಿಸಿ, "ಸೊಪ್ಪು ಬಿಸಿ ಆತು ಅಮ್ಮಾ! ಕೆಂಪಾದರೆ ಆರು ಎತ್ತುವಾರು?" ಎಂದರು. ಕೆಂಪಾದ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲ.

ಪಟ್ಟಿಯ ತುಂಬ ಜೋಂಬಿಗಳು, ಅಂದರೆ ಮುಗಿದರೂ ಪಟ್ಟಿಯಿಂದ ಅಳಿಯದ ಕೆಲಸಗಳು, ಸಾವಿರಾರು. ಒಂದನ್ನು ಕೊಲ್ಲಲು ಆಜ್ಞೆ ಕೊಟ್ಟೆ. ಕದಲಲಿಲ್ಲ. ಸತ್ತದ್ದನ್ನು ಮತ್ತೆ ಕೊಲ್ಲುವುದೆಂತು? ಅವನ್ನು ಹುಟ್ಟಿಸಿದವರು ಯಾರೆಂದು ನೋಡಿದೆ. ಎಲ್ಲಕ್ಕೂ ತಾಯಿ ಒಂದೇ: ಆ ನಿಗಾ ಸಾಫ್ಟ್‌ವೇರ್! ನಿಮಿಷ ನಿಮಿಷಕ್ಕೂ ಪುಟ್ಟ ತಪಾಸಣೆಗಳನ್ನು ಕಳಿಸುತ್ತಿತ್ತು, ಅವು ಮುಗಿದವೇ ಎಂದು ಮಾತ್ರ ಒಮ್ಮೆಯೂ ಕೇಳುತ್ತಿರಲಿಲ್ಲ. ಕೇಳುವವರಿಲ್ಲದೆ ಮುಗಿದ ಕೆಲಸಗಳು ಪಟ್ಟಿಯಲ್ಲೇ ಉಳಿದು, ನಮ್ಮ ಚೀಟಿಯ ಕೆಲಸ ಶುರುವಾಗಲು ಜಾಗವೇ ಇರಲಿಲ್ಲ.

"ಅದನ್ನ ಮುಟ್ಟಬೇಡಮ್ಮಾ, ಕಂಪನಿಯೋರ್ನ ಕೇಳೋಣ," ಎಂದರು ಮ್ಯಾನೇಜರ್.

"ಸೊಪ್ಪು ಕಾಯೋದಿಲ್ಲ ಸಾರ್. ಮುಟ್ಟಿದ್ದು ನಾನೇ ಅಂತ ಬರಕೊಳ್ಳಿ."

ನಿಲ್ಲಿಸಿಯೇಬಿಟ್ಟೆ. ತಾಯಿ ಹೋದದ್ದೇ ತಡ, ಜೋಂಬಿಗಳೆಲ್ಲ ಅಳಿಸಿಹೋದವು. ಚೀಟಿ ಯಂತ್ರ ಕಿರ್ರೆಂದಿತು. ಅಜ್ಜಿಯ ಚೀಲವನ್ನೇ ಮೊದಲು ತೂಗಿಸಿದೆ.

ಅರ್ಧ ಗಂಟೆಯಲ್ಲಿ ಎಂಜಿನಿಯರ್‌ನ ಫೋನ್. "ಯಾರು ನಿಲ್ಲಿಸಿದ್ದು?"

"ನಾನು. ತಪ್ಪು ನಿಮ್ಮ ಪ್ರೋಗ್ರಾಮಿನದು. ಪರದೆಯ ಚಿತ್ರ ಕಳಿಸಿದ್ದೀನಿ, ನೋಡಿ."

"ಬೇರೆ ಯಾವ ಕಸ್ಟಮರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ."

"ಅವರೆಲ್ಲ ನೀವು ಹೇಳಿದ ಹಾಗೆ ದಿನಾ ರೀಸ್ಟಾರ್ಟ್ ಮಾಡ್ತಿರಬೇಕು."

ಎರಡು ವಾರದಲ್ಲಿ ತಿದ್ದಿದ ಸಾಫ್ಟ್‌ವೇರ್ ಬಂತು. ಕ್ಷಮೆಯ ಒಂದು ಪದವಿರಲಿಲ್ಲ, ನಾನು ಕಾದಿರಲೂ ಇಲ್ಲ. ಈಗಲೇ ಹಾಕು ಎಂದರು ಮ್ಯಾನೇಜರ್. ಮೂಲೆಯಲ್ಲಿದ್ದ ಬೇರೊಂದು ಕಂಪ್ಯೂಟರಿಗೆ ಹಾಕಿ ಇಡೀ ವಾರ ಕಾದೆ. ಮ್ಯಾನೇಜರ್ ದಿನವೂ ಬಂದು ಇಣುಕುತ್ತಿದ್ದರು. ಜೋಂಬಿ ಒಂದೂ ಹುಟ್ಟಲಿಲ್ಲ. ಎಂಟನೆಯ ದಿನ ನಾನಾಗಿಯೇ ಸರ್ವರ್‌ಗೆ ಹಾಕಿದೆ.