ಸರೂನ್ ಪಾಲಿನ ಅನ್ನದುಂಡೆ

ತನ್ನ ಮಗಳ ತಲೆ ಬಾಚಬೇಕೆಂದರೆ ಸರೂನ್ ಮೊದಲು ಅನಾಥಾಲಯದ ಹುಡುಗಿಯರ ತಲೆಯನ್ನೆಲ್ಲ ಬಾಚಬೇಕಿತ್ತು. ಸಿಯೆಮ್ ರೀಪ್ ಪಟ್ಟಣದ ಅಂಚಿನಲ್ಲಿದ್ದ ಆ ಅನಾಥಾಲಯಕ್ಕೆ ಅವಳು ಅಡುಗೆಯವಳು. ಬೆಳಗ್ಗೆ ಗಂಜಿಯ ಹಂಡೆ ಇಳಿಸಿ ಹಿತ್ತಿಲ ಮೆಟ್ಟಿಲ ಮೇಲೆ ಕೂತರೆ ಹುಡುಗಿಯರು ಸಾಲಾಗಿ ಬಂದು ಮುಂದೆ ಕೂರುತ್ತಿದ್ದರು. ಒಬ್ಬೊಬ್ಬರಿಗೂ ನಾಲ್ಕು ಎಳೆತ, ಒಂದು ರಬ್ಬರ್ ಬ್ಯಾಂಡು, ಮುಗಿಯಿತು. ಚಂಪೈಯನ್ನು ಮಾತ್ರ ಕೊನೆಗೆ ಕರೆಯುತ್ತಿದ್ದಳು. ಕೊನೆಯವಳಿಗೆ ಎಷ್ಟು ಹೊತ್ತು ಬಾಚಿದರೂ ಕೇಳುವವರಿಲ್ಲ. ಸಿಕ್ಕಿಲ್ಲದ ಕಡೆಯೂ ಸರೂನ್ ಸಿಕ್ಕು ಬಿಡಿಸುತ್ತಿದ್ದಳು.

ಚಂಪೈ ಅವಳು ಹೆತ್ತ ಮಗಳೆಂದು ಅಲ್ಲಿ ತಾಯಿ ಮಗಳನ್ನು ಬಿಟ್ಟರೆ ಅನಾಥಾಲಯ ನಡೆಸುವ ವುಥೀಗೆ ಮಾತ್ರ ಗೊತ್ತಿತ್ತು.

ಸರೂನಳದು ಸರೋವರದ ದಂಡೆಯ ಬೆಸ್ತರ ಊರು. ಗಂಡ ಪಕ್ಕದ ಥಾಯ್ ದೇಶಕ್ಕೆ ಗಾರೆ ಕೆಲಸಕ್ಕೆಂದು ಹೋದವನು ಹೋದ ಹಾಗೇ ಹೋದ. ವುಥೀ ಊರಿಗೆ ಬಂದು, ಮೂರು ಹೊತ್ತಿನ ಊಟ, ಶಾಲೆ, ಇಂಗ್ಲಿಷು ಎಂದಾಗ ಅವಳು ಕಣ್ಣು ಮುಚ್ಚಿ ಮಗಳನ್ನು ಕಳಿಸಿದಳು. ಹೆತ್ತ ಕರುಳು ಸುಮ್ಮನಿರುತ್ತದೆಯೇ? ವರ್ಷ ತುಂಬುವುದರೊಳಗೆ ತಾನೂ ಬಂದು ಗೇಟಿನ ಮುಂದೆ ನಿಂತಳು.

"ಅಡುಗೆಗೆ ಜನ ಬೇಕು, ಇರು," ಎಂದ ವುಥೀ. "ಆದ್ರೆ ಇಲ್ಲಿ ನೀನು ಎಲ್ಲಾ ಮಕ್ಕಳಿಗೂ ಚಿಕ್ಕಮ್ಮ. ಚಂಪೈಗೂ ಚಿಕ್ಕಮ್ಮನೇ. ಅನಾಥರ ಮನೇಲಿ ಅಮ್ಮ ಓಡಾಡ್ಕೊಂಡಿದ್ರೆ ಹೊರದೇಶದೋರು ಯಾಕಮ್ಮ ಬರ್ತಾರೆ? ಗೊತ್ತಾದ ದಿನ ಇಬ್ರೂ ಗೇಟಿಂದ ಆಚೆ."

ವುಥೀಯನ್ನು ಕೆಟ್ಟವನೆಂದು ಒಂದೇ ಮಾತಿನಲ್ಲಿ ಮುಗಿಸುವಂತಿಲ್ಲ. ಮಕ್ಕಳಿಗೆ ಹೊಟ್ಟೆ ತುಂಬ ಹಾಕುತ್ತಿದ್ದ. ಯಾರಿಗಾದರೂ ಜ್ವರ ಬಂದರೆ ತಾನೇ ಹೊತ್ತುಕೊಂಡು ಆಸ್ಪತ್ರೆಗೆ ಓಡುತ್ತಿದ್ದ. ಅದಕ್ಕೇ ಸರೂನ್ ಬಾಯಿಗೆ ಬೀಗ ಹಾಕಿಕೊಂಡಳು. ತಳ ಹಿಡಿದ ಅನ್ನದ ಗರಿಗರಿ ಚಕ್ಕೆಯನ್ನು ಮುಚ್ಚಿಟ್ಟು ಮಗಳಿಗೆ ಕೊಡುವುದು, ಕೊನೆಯಲ್ಲಿ ತಲೆ ಬಾಚುವುದು, ಇಷ್ಟೇ ಅವಳ ತಾಯ್ತನ. ಮಗಳು "ಚಿಕ್ಕಮ್ಮಾ" ಎಂದಾಗಲೆಲ್ಲ ಒಳಗೆ ಚುರ್ರೆನ್ನುತ್ತಿತ್ತು. ಹೊರಗೆ ನಗುತ್ತಿದ್ದಳು.

ಮಕ್ಕಳ ಸೇವೆಗೆಂದು ಹೊರದೇಶದ ಹುಡುಗ ಹುಡುಗಿಯರು ಬರುತ್ತಲೇ ಇದ್ದರು. ಹಾಡು ಕಲಿಸಿ, ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ತಬ್ಬಿಕೊಂಡು ಅತ್ತು ಹೋಗುತ್ತಿದ್ದರು. ಆಮೇಲೆ ಬಂದವರು ಅದೇ ಗೋಡೆಗೆ ಬೇರೆ ಬಣ್ಣ ಬಳಿಯುತ್ತಿದ್ದರು. "ಈ ಗೋಡೇಲಿ ಇಟ್ಟಿಗೆಗಿಂತ ಬಣ್ಣಾನೇ ಜಾಸ್ತಿ ಕಣ್ರೇ," ಎಂದು ಸರೂನ್ ನಗಿಸುತ್ತಿದ್ದಳು.

ಆ ವರ್ಷ ಬಂದ ಮರೈಕೆ ಮಾತ್ರ ಬಣ್ಣದ ಡಬ್ಬ ಮುಟ್ಟಲಿಲ್ಲ. ಹಾಲೆಂಡಿನ ಹುಡುಗಿ. ಅಡುಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ, ಕಂಡದ್ದಕ್ಕೆಲ್ಲ ಹೆಸರು ಕೇಳಿ ಮಾತು ಕಲಿತಳು. ಮೊದಲು ಕಲಿತದ್ದು ಅನ್ನ, ನೀರು, ಅಮ್ಮ. ಹಿಂದಿನ ಚಳಿಗಾಲದಲ್ಲಿ ಅವಳ ತಾಯಿ ತೀರಿಹೋಗಿದ್ದಳು. ಚಂಪೈ ಕಂಡರೆ ಅವಳಿಗೆ ಎಲ್ಲಿಲ್ಲದ ಅಕ್ಕರೆ.

ಅಷ್ಟರಲ್ಲಿ ಪಿತೃಗಳ ಹದಿನೈದು ದಿನ ಬಂತು. ಆ ದಿನಗಳಲ್ಲಿ ಸತ್ತವರು ಹಸಿದು ಬರುತ್ತಾರೆ. ಏಳು ಬೌದ್ಧ ವಿಹಾರ ಹುಡುಕಿದರೂ ತಮ್ಮವರ ಕೈಯ ಪಿಂಡ ಸಿಗದಿದ್ದರೆ ಶಪಿಸಿ ಹೋಗುತ್ತಾರೆ. ಬೆಳಕು ಹರಿಯುವ ಮೊದಲೇ ವಿಹಾರ ಸುತ್ತಿ, ಹೆಸರು ಹೇಳಿ, ಅನ್ನದುಂಡೆ ಎಸೆಯಬೇಕು. ಮರೈಕೆ ಇದನ್ನು ಕೇಳಿದವಳೇ ಅಡುಗೆಮನೆಗೆ ಓಡಿಬಂದಳು.

"ಚಿಕ್ಕಮ್ಮ, ನನ್ನ ಅಮ್ಮ ಇಲ್ಲ. ಚಂಪೈ ಅಮ್ಮ ಇಲ್ಲ. ನಾವು ಇಬ್ಬರು ಒಟ್ಟಿಗೆ ಅನ್ನ ಹಾಕೋದು. ನೀನು ಉಂಡೆ ಮಾಡು, ದಯವಿಟ್ಟು."

ಸರೂನಳ ಕೈ ಅಲ್ಲೇ ನಿಂತಿತು. ಬದುಕಿರುವ ತಾಯಿಗೆ ಮಗಳ ಕೈಯಿಂದ ಪಿಂಡ. ಅದನ್ನು ಕಟ್ಟಬೇಕಾದವಳೂ ತಾನೇ. ತನಗೆ ಕೇಡಾದೀತೆಂದು ಅವಳು ಹೆದರಲಿಲ್ಲ. ಹತ್ತು ವರ್ಷದ ಕೂಸು ಅಮ್ಮ ಸತ್ತಳೆಂದು ತನ್ನ ಬಾಯಿಂದಲೇ ಹೇಳಿದರೆ, ಆಮೇಲೆ ಅದರ ಎದೆಯಲ್ಲಿ ತಾನು ಉಳಿಯುವುದು ಹೇಗೆ? ನೇರ ವುಥೀ ಬಳಿ ಹೋದಳು.

"ಬೇಕಾದ್ರೆ ಇನ್ನೊಬ್ಬರ ಕೆಲಸಾನೂ ನಾನೇ ಮಾಡ್ತೀನಿ. ಆ ಮಗು ಕೈಲಿ ಇದೊಂದು ಮಾಡಿಸ್ಬೇಡಿ."

"ಒಂದು ಅನ್ನದುಂಡೆ ಅಲ್ವೇನಮ್ಮ. ನಾಟಕ ಅಂದ್ಕೊ," ಎಂದ ಅವನು. "ಎಲ್ಲಾ ಮಕ್ಕಳನ್ನೂ ಕರ್ಕೊಂಡು ಹೋಗ್ತಿದ್ದೀನಿ. ಹೋಟೆಲಿಂದ ನೋಡೋಕೆ ಹೊರದೇಶದೋರೂ ಬರ್ತಾರೆ. ಈಗ ಬೇಡ ಅಂದ್ರೆ ಏನ್ ಹೇಳ್ಲಿ?"

ಮಾರನೆಯ ದಿನ ತಲೆ ಬಾಚುವಾಗ ಚಂಪೈ ತಿರುಗದೆಯೇ ಕೇಳಿದಳು, "ಯಾರ ಹೆಸರು ಹೇಳ್ಲಿ?"

"ಅಜ್ಜಿ ಹೆಸರು ಹೇಳು."

"ಅಜ್ಜಿಗೆ ನೀನೇ ಹಾಕ್ತೀಯಲ್ಲ. ಅಮ್ಮನ ಹೆಸರು ಹೇಳು ಅಂದಿದ್ದಾರೆ ಅಪ್ಪ." ಮಕ್ಕಳೆಲ್ಲ ವುಥೀಯನ್ನು ಅಪ್ಪ ಎನ್ನುತ್ತಿದ್ದರು.

"ಅವರು ಹೇಳ್ದಂಗೆ ಮಾಡು ಪುಟ್ಟಿ. ಇಲ್ಲಾಂದ್ರೆ ಸ್ಕೂಲು ಬಿಟ್ಟುಹೋಗುತ್ತೆ."

ಚಂಪೈ ಹಿಂದಕ್ಕೆ ಕೈ ಚಾಚಿ ರಬ್ಬರ್ ಬ್ಯಾಂಡು ಕೊಟ್ಟಳು.

ವಿಹಾರಕ್ಕೆ ಹೊರಡುವ ದಿನ ನಸುಕಿನಲ್ಲಿ ಸರೂನ್ ಎಳ್ಳು ಬೆರೆಸಿದ ಅಂಟಕ್ಕಿ ಅನ್ನದ ಉಂಡೆ ಕಟ್ಟಿದಳು. ಒಂದೊಂದು ಉಂಡೆಗೂ ಮನಸ್ಸಿನಲ್ಲೇ ಕ್ಷಮೆ ಕೇಳಿದಳು. ಬೋಗುಣಿ ತಲೆಯ ಮೇಲಿಟ್ಟುಕೊಂಡು ಎಲ್ಲರ ಹಿಂದೆ ನಡೆದಳು. ವಿಹಾರದ ಸುತ್ತ ಬರಿಗಾಲಿನ ಜನ, ಊದುಬತ್ತಿಯ ಹೊಗೆ, ಹೋಟೆಲಿನಿಂದ ಬಂದವರ ಫೋನುಗಳ ಬೆಳಕು. ಮರೈಕೆ ತನ್ನ ತಾಯಿಯ ಹೆಸರು ಹೇಳಿ ಉಂಡೆ ಎಸೆದಳು. ಎಸೆದವಳು ಅಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಆ ಅಳುವಿನಲ್ಲಿ ನಾಟಕವಿರಲಿಲ್ಲ, ಸರೂನಳ ಕಣ್ಣೂ ತುಂಬಿತು.

"ಈಗ ನೀನು ಹಾಕು ಮಗಳೇ," ಎಂದ ವುಥೀ.

ಚಂಪೈ ಕೈಯಲ್ಲಿದ್ದ ಉಂಡೆಯನ್ನು ನೋಡಿದಳು, ಕತ್ತಲನ್ನು ನೋಡಿದಳು. ಆಮೇಲೆ ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು, ಸೀದಾ ಹಿಂದಕ್ಕೆ ಬಂದಳು. ಬೋಗುಣಿ ಹೊತ್ತವಳ ಬಾಯಿಯ ಹತ್ತಿರ ಉಂಡೆ ಹಿಡಿದಳು.

"ತಿನ್ನಮ್ಮ," ಎಂದಳು. "ಎದ್ದಾಗಿಂದ ನೀನು ಏನೂ ತಿಂದಿಲ್ಲ."

ಪ್ರೇತದ ಪಾಲನ್ನು ಬದುಕಿದವರು ಮುಟ್ಟಬಾರದು. ತಿಂದರೆ ಶಾಪ, ತಿನ್ನದಿದ್ದರೆ ಕೆಲಸ, ಸೂರು, ಮಗಳ ಶಾಲೆ ಎಲ್ಲವೂ ಇನ್ನೂ ಉಳಿದೀತು. ಮಗುವಿನ ತಲೆ ಕೆಟ್ಟಿದೆಯೆಂದು ನಕ್ಕುಬಿಟ್ಟರಾಯಿತು. ಸರೂನ್ ಬಾಯಿ ತೆರೆದಳು. ನಾಲ್ಕು ವರ್ಷದ ಮೇಲೆ ಕಿವಿಗೆ ಬಿದ್ದ ಆ ಒಂದು ಮಾತಿನ ಮುಂದೆ ಯಾವ ಶಾಪ ನಿಂತೀತು? ಅಳುತ್ತಲೇ ಅಗಿದಳು.

ಆಗ ಆರು ವರ್ಷದ ಮೇಸಾ ವುಥೀಯ ಅಂಗಿ ಜಗ್ಗಿದಳು. "ಹಂಗಾದ್ರೆ ನಾನೂ ಎಸೀಬೇಕಾಗಿಲ್ವಾ ಅಪ್ಪಾ? ನಮ್ಮಮ್ಮ ಊರಲ್ಲಿ ಹಂದಿ ಸಾಕ್ತಾಳೆ."

ಇನ್ನೊಬ್ಬ ಹುಡುಗ ತನ್ನ ಉಂಡೆಯನ್ನು ಮೆಲ್ಲಗೆ ಬೋಗುಣಿಗೆ ವಾಪಸು ಹಾಕಿದ. ಆಮೇಲೆ ಮತ್ತೊಬ್ಬಳು. ಬೋಗುಣಿ ಮತ್ತೆ ತುಂಬುತ್ತ ಬಂತು. ಕೊನೆಗೆ ಉಂಡೆ ಹಿಡಿದು ಉಳಿದವರು ಇಬ್ಬರೋ ಮೂವರೋ ಮಕ್ಕಳು ಮಾತ್ರ. ವುಥೀ ಯಾರ ಮುಖವನ್ನೂ ನೋಡಲಿಲ್ಲ. ಅಮ್ಮ ಎಂಬ ಮಾತನ್ನು ಮೊದಲೇ ಕಲಿತಿದ್ದ ಮರೈಕೆಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಬಂದು ಸರೂನಳ ತಲೆಯಿಂದ ಬೋಗುಣಿ ಇಳಿಸಿಕೊಂಡಳು, ಮಗಳನ್ನು ತಬ್ಬಲು ಆ ತಾಯಿಗೆ ಎರಡೂ ಕೈ ಬೇಕಿದ್ದವು.

ಮನೆಗೆ ಬಂದ ಮೇಲೆ ವುಥೀ ಕೂಗಾಡಲಿಲ್ಲ. "ಗಂಜಿ ಬಡಿಸಿ ಹೊರಡು," ಎಂದಷ್ಟೇ ಹೇಳಿದ. ಸರೂನಳ ಎದೆಯಲ್ಲಿ ಹಿಂದಿನ ಭಾರವಿರಲಿಲ್ಲ. ಮಾರುಕಟ್ಟೆಯಲ್ಲಿ ಶಾವಿಗೆ ಮಾರುವ ಅಕ್ಕನೊಬ್ಬಳು ಪಾತ್ರೆ ತೊಳೆಯಲು ಆಳು ಬೇಕೆಂದು ಹಿಂದೆಯೇ ಹೇಳಿದ್ದಳು. ಪಕ್ಕದಲ್ಲೇ ಸರ್ಕಾರಿ ಶಾಲೆಯಿತ್ತು. ಇಂಗ್ಲಿಷು ಅಲ್ಲಿ ಇಷ್ಟು ಸಿಗಲಿಕ್ಕಿಲ್ಲ.

ಗಂಜಿ ಬಡಿಸಿಯಾದ ಮೇಲೆ ಅವಳು ಬಾಚಣಿಗೆ ಹಿಡಿದು ಮೆಟ್ಟಿಲ ಮೇಲೆ ಕೂತಳು. ಹುಡುಗಿಯರು ಸಾಲಾಗಿ ಬಂದರು. ಆ ದಿನ ಚಂಪೈ ಎಲ್ಲರಿಗಿಂತ ಮೊದಲು ಬಂದು ಕೂತು, "ಅಮ್ಮ, ಬೇಗ ಬಾಚು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಒಬ್ಬೊಬ್ಬರೇ ಎದ್ದು ಹೋಗಿ ಸಾಲು ಕರಗಿದಾಗ, ತುದಿಯಲ್ಲಿ ಮರೈಕೆ ನಿಂತಿದ್ದಳು. ಕಣ್ಣು ಊದಿತ್ತು.

"ಕ್ಷಮಿಸು," ಎಂದಳು.

"ಬಾ ಮಗಳೇ, ಕೂತ್ಕೊ," ಎಂದಳು ಸರೂನ್.

ಮರೈಕೆ ಬೆನ್ನು ಕೊಟ್ಟು ಕೂತಳು. ಸರೂನ್ ಅವಳ ಜೋಳದ ಬಣ್ಣದ ಕೂದಲನ್ನು ಕೈಗೆ ತೆಗೆದುಕೊಂಡು, ಸಿಕ್ಕಿಲ್ಲದ ಕಡೆಯೂ ಸಿಕ್ಕು ಬಿಡಿಸುತ್ತ, ನಿಧಾನವಾಗಿ ಬಾಚತೊಡಗಿದಳು.